ಆರ್‌ಎಕ್ಸ್-8 ಮೀಮಾಂಸೆ

ಹಳೆಯ ಸ್ಪೋರ್ಟ್ಸ್ ಕಾರಿನ ರಿಪೇರಿಯನ್ನು ಶಾಸ್ತ್ರವೆನ್ನಬೇಕೋ ವ್ರತವೆನ್ನಬೇಕೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಪ್ರಸ್ತುತ ಪ್ರಬಂಧವು ಮಜ್ದಾ ಕಂಪನಿಯ ಆರ್‌ಎಕ್ಸ್-8 ಎಂಬ ವಾಹನವನ್ನು ಆಕರವಾಗಿಟ್ಟುಕೊಂಡು, ಮಿತವ್ಯಯವೇ ಸರ್ವನಾಶಕ್ಕೆ ಮೂಲ ಎಂಬ ಸಿದ್ಧಾಂತವನ್ನು ಸ್ಥಾಪಿಸುತ್ತದೆ. ಸ್ವರಾಜ್ ಮಜ್ದಾ ವ್ಯಾನಿನಲ್ಲಿ ಶಾಲೆಗೆ ಹೋಗಿಬಂದ ಓದುಗರು ಹೆಸರು ಕೇಳಿ ಗೊಂದಲಗೊಳ್ಳಬಾರದು. ಅದು ಮಕ್ಕಳನ್ನೂ ಅವರ ಬ್ಯಾಗುಗಳನ್ನೂ ಹೊತ್ತು ಏರು ಹತ್ತಿದ ಕರ್ಮಯೋಗಿ. ಇದು 2003ರಲ್ಲಿ ಮಾರುಕಟ್ಟೆಗೆ ಬಂದು 2012ರಲ್ಲಿ ತಯಾರಿ ನಿಂತುಹೋದ ಭೋಗಿ.

ಮೊದಲು ಲಕ್ಷಣವಿಚಾರ. ಕೂಪೆ ಎಂದ ಮೇಲೆ ಎರಡೇ ಬಾಗಿಲಿರಬೇಕೆಂಬುದು ಪ್ರಾಚೀನರ ಮತ. ಇದಕ್ಕೆ ನಾಲ್ಕಿವೆ. ಆದರೆ ಹಿಂದಿನವೆರಡು ಹಿಂದುಮುಂದಾಗಿ ತೆರೆಯುತ್ತವೆ, ಅದೂ ಮುಂದಿನ ಬಾಗಿಲು ತೆರೆದ ಮೇಲೆ. ಮುಂದೆ ಕೂತವರ ಅಪ್ಪಣೆಯಿಲ್ಲದೆ ಹಿಂದೆ ಕೂತವರು ಇಳಿಯುವಂತಿಲ್ಲವಾದ್ದರಿಂದ ಅವನ್ನು ಬಾಗಿಲೆಂದು ಎಣಿಸತಕ್ಕದ್ದಲ್ಲ. ಕೂಪೆತ್ವ ಸಿದ್ಧವಾಯಿತು.

ಇನ್ನು ಎಂಜಿನ್. ಇದರಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಬದಿಗಳು ಉಬ್ಬಿದ ತ್ರಿಕೋನವೊಂದು ನಡು ಸಣ್ಣಗಾದ ಅಂಡಾಕಾರದ ಕೋಣೆಯೊಳಗೆ ಸುತ್ತುತ್ತದೆ. ಅಂಥ ರೋಟರುಗಳು ಎರಡು, ಒಟ್ಟು 1308 ಸಿಸಿ. ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ಹಾಕಿರುತ್ತದೆ. ಮೀಟರ್ 9000 ತೋರಿಸುವಾಗ ರೋಟರ್ ಸುತ್ತುವುದು 3000 ಮಾತ್ರ. ಹೊರಗೆ ಆರ್ಭಟ, ಒಳಗೆ ಸಮಾಧಾನ: ಸ್ಥಿತಪ್ರಜ್ಞನಿಗೆ ಇದಕ್ಕಿಂತ ಒಳ್ಳೆಯ ಯಾಂತ್ರಿಕ ಉದಾಹರಣೆ ನಮಗೆ ದೊರೆತಿಲ್ಲ.

ಈ ತತ್ವದ ಮೂಲಪುರುಷ ಜರ್ಮನಿಯ ಫೆಲಿಕ್ಸ್ ವಾಂಕೆಲ್ (1902–1988). ಆತನಿಗೆ ಎಂಜಿನಿಯರಿಂಗ್ ಪದವಿಯೂ ಇರಲಿಲ್ಲ, ಡ್ರೈವಿಂಗ್ ಲೈಸೆನ್ಸೂ ಇರಲಿಲ್ಲ. ಅಷ್ಟು ನಿರಾತಂಕವಾಗಿ ಚಿಂತಿಸಲು ಸಾಧ್ಯವಾದದ್ದು ಎರಡನೆಯ ಕಾರಣದಿಂದಲೇ ಇರಬೇಕು. ಆತನ ಎಂಜಿನ್ ಹೊತ್ತ ಎನ್‌ಎಸ್‌ಯು ರೋ 80 ಕಾರು 1967ರಲ್ಲಿ ಬಂದು, ಯುರೋಪಿನ ವರ್ಷದ ಕಾರೆಂಬ ಬಿರುದು ಪಡೆದು, ವಾರಂಟಿಯಲ್ಲಿ ಎಂಜಿನ್ ಬದಲಿಸಿ ಬದಲಿಸಿಯೇ ಕಂಪನಿಯನ್ನು ಹಣ್ಣುಮಾಡಿತು. ಆ ಕಾರಿನವರು ದಾರಿಯಲ್ಲಿ ಎದುರಾದರೆ ಎಷ್ಟನೆಯ ಎಂಜಿನ್ ನಡೆಯುತ್ತಿದೆಯೆಂದು ಬೆರಳೆತ್ತಿ ತೋರಿಸುತ್ತಿದ್ದರೆಂಬ ಐತಿಹ್ಯವಿದೆ. 1969ರಲ್ಲಿ ಎನ್‌ಎಸ್‌ಯು ಫೋಕ್ಸ್‌ವ್ಯಾಗನ್ ತೆಕ್ಕೆಗೆ ಬಿತ್ತು.

ಎಲ್ಲ ಕ್ಲೇಶವೂ ತ್ರಿಕೋನದ ತುದಿಗಳಲ್ಲಿದೆ. ಮೂರು ಮೂಲೆಗೂ ಏಪೆಕ್ಸ್ ಸೀಲ್ ಎಂಬ ತೆಳುಪಟ್ಟಿ. ಅದು ಗೋಡೆಗೆ ಒತ್ತಿಕೊಂಡೇ ಓಡಬೇಕು. ಆರಂಭದಲ್ಲಿ ಅದು ಗೋಡೆಯ ಮೇಲೆ ಎಬ್ಬಿಸುತ್ತಿದ್ದ ಅಲೆಗೀರುಗಳಿಗೆ ಹಿರೋಷಿಮಾದ ಮಜ್ದಾ ಎಂಜಿನಿಯರುಗಳು ದೆವ್ವದ ಉಗುರಿನ ಗುರುತು ಎಂದೇ ಹೆಸರಿಟ್ಟಿದ್ದರು. ಕೆನಿಚಿ ಯಮಾಮೊಟೊ ನೇತೃತ್ವದ ತಂಡ ದೆವ್ವವನ್ನು ಬಿಡಿಸಿತೇನೋ ನಿಜ. ದೆವ್ವ ಊರು ಬಿಟ್ಟು ಹೋಗಲಿಲ್ಲ.

ಇಲ್ಲಿ ತರ್ಕಶಾಸ್ತ್ರಕ್ಕೊಂದು ಸಂಕಟ ಒದಗುತ್ತದೆ. ಹೊಗೆಯಿದ್ದಲ್ಲಿ ಬೆಂಕಿ ಎಂಬುದು ಸರ್ವಸಮ್ಮತ ವ್ಯಾಪ್ತಿ. ಆರ್‌ಎಕ್ಸ್-8ರಲ್ಲಿ ಹೊಗೆಯಿದ್ದಲ್ಲಿ ಆಯಿಲ್. ಸೀಲುಗಳಿಗೆ ಪಸೆಯಿರಲೆಂದು ಪುಟ್ಟ ಪಂಪೊಂದು ಎಂಜಿನ್ ಆಯಿಲನ್ನು ಉರಿಯುವ ಕೋಣೆಗೇ ಚಿಮುಕಿಸುತ್ತದೆ, ಅದು ಉರಿದುಹೋಗಲೇಬೇಕು. ಮಿಕ್ಕ ಕಾರುಗಳ ವಿಷಯದಲ್ಲಿ ಮೆಕ್ಯಾನಿಕ್ ತಲೆ ಕೆರೆದುಕೊಂಡು 'ಆಯಿಲ್ ತಿಂತಿದೆ ಸಾರ್' ಎಂದರೆ ಮರಣಶಾಸನ. ಇದರ ವಿಷಯದಲ್ಲಿ ಗಾಬರಿಯಾಗಬೇಕಾದ್ದು ತಿನ್ನುವುದನ್ನು ಬಿಟ್ಟಾಗ. ಆದ್ದರಿಂದ ಪೆಟ್ರೋಲ್ ತುಂಬಿಸಿದಾಗಲೆಲ್ಲ ಬಾನೆಟ್ ಎತ್ತಿ ಡಿಪ್‌ಸ್ಟಿಕ್ ನೋಡುವುದು ನಿತ್ಯಕರ್ಮ.

ಈಗ ಪ್ರಧಾನ ಸಿದ್ಧಾಂತಕ್ಕೆ ದೃಷ್ಟಾಂತ. ನ್ಯೂಜೆರ್ಸಿಯ ಎಡಿಸನ್ನಿನಲ್ಲೊಂದು ಕನ್ನಡ ಮನೆ ಎಂದಿಟ್ಟುಕೊಳ್ಳಿ. ಜನವರಿ, ಬೆಳಗಿನ ಹೊತ್ತು. ಯಜಮಾನರು ಹಿಮ ಗೋರುವುದಕ್ಕೆ ಅಡ್ಡವಾಗುತ್ತದೆಂದು ಕಾರನ್ನು ಹತ್ತಡಿ ಹಿಂದೆ ತೆಗೆದು, 'ಪೆಟ್ರೋಲ್ ಯಾಕೆ ದಂಡ' ಎಂದು ಕೂಡಲೇ ಆಫ್ ಮಾಡುತ್ತಾರೆ. 'ಯಾಕೆ ದಂಡ' ಎಂಬ ಈ ಎರಡು ಪದಗಳೇ ಪಾಪಬೀಜ. ತಣ್ಣಗಿನ ಎಂಜಿನ್ನಿಗೆ ಪೆಟ್ರೋಲ್ ಧಾರಾಳವಾಗಿ ಹೋಗಿರುತ್ತದೆ. ನಡುವೆ ನಿಲ್ಲಿಸಿದರೆ ಅದು ಪ್ಲಗ್ಗುಗಳನ್ನು ತೋಯಿಸಿ, ಸೀಲುಗಳ ಆಯಿಲ್ ಪಸೆಯನ್ನು ತೊಳೆದುಬಿಡುತ್ತದೆ. ಕಂಪ್ರೆಷನ್ ಮಾಯ. ಹಿಮ ಗೋರಿ ಬಂದು ಸೆಲ್ಫ್ ಹೊಡೆದರೆ ಕುಯ್ಯೋ ಕುಯ್ಯೋ, ಅಷ್ಟೇ. ಪ್ರಾಯಶ್ಚಿತ್ತವೆಂದರೆ ಆಕ್ಸಿಲರೇಟರನ್ನು ನೆಲಕ್ಕಂಟುವಂತೆ ಒತ್ತಿ ಹಿಡಿದು ಸೆಲ್ಫ್ ಹೊಡೆಯುವುದು. ಆಗ ಪೆಟ್ರೋಲ್ ಬರುವುದು ನಿಂತು, ಒಳಗಿನದು ಹೊರಬೀಳುತ್ತದೆ. ಬ್ಯಾಟರಿ ಬದುಕಿದ್ದರೆ ಎಂಜಿನ್ ಎಚ್ಚರಾಗಿ ಬೀದಿ ತುಂಬ ಬಿಳಿ ಹೊಗೆ.

'ಏನ್ರೀ ಅದು, ಕಾರ್ಪೊರೇಷನ್ನೋರ ಥರ ಸೊಳ್ಳೆ ಔಷಧಿ ಹೊಡೀತಿದ್ದೀರಾ?' ಎಂದು ಬಾಗಿಲಲ್ಲಿ ನಿಂತ ಯಜಮಾನಿಯ ಪ್ರಶ್ನೆ.

'ಓವರ್ ಆಗಿತ್ತು ಕಣೇ.'

'ಅದು ನಂಗೂ ಗೊತ್ತು.'

ಮಿತವ್ಯಯದ ಎರಡನೆಯ ರೂಪ, ಮೈಲೇಜ್ ಮೋಹ. ಊರೊಳಗೆ ಲೀಟರಿಗೆ ಏಳು ಕಿಲೋಮೀಟರ್ ಕೊಡುವ ಕಾರನ್ನು ಎಂಟಕ್ಕೆ ಏರಿಸುವ ಆಸೆಯಿಂದ ಬೇಗ ಬೇಗ ಗೇರ್ ಹಾಕಿ ಮೆಲ್ಲಗೆ ಓಡಿಸಿದರೆ ಒಳಗೆ ಕಾರ್ಬನ್ ಕಟ್ಟುತ್ತದೆ. ಬಿಸಿಯಾದ ಮೇಲೆ ದಿನಕ್ಕೊಮ್ಮೆಯಾದರೂ 9000 ಮುಟ್ಟಿಸಬೇಕೆಂಬುದು ಬಲ್ಲ ಮಾಲೀಕರ ಆಚಾರ. ರೇಸ್ ಕೊಟ್ಟರೆ ಆಯುಷ್ಯ, ಜೋಪಾನ ಮಾಡಿದರೆ ಅಪಮೃತ್ಯು.

ಮೂರನೆಯದು ಅತಿ ಘೋರ: ಕಾಯಿಲ್ ವಿಷಯದಲ್ಲಿ ಜಿಪುಣತನ. ರೋಟರಿಗೆರಡು ಪ್ಲಗ್ಗಿನಂತೆ ನಾಲ್ಕು ಪ್ಲಗ್, ನಾಲ್ಕು ಕಾಯಿಲ್. ಒಂದು ಕಾಯಿಲ್ ಸೋತಾಗ ಕಾರು ಸ್ವಲ್ಪ ಜರ್ಕ್ ಹೊಡೆಯುತ್ತದೆ, ಪಿಕಪ್ ಇರುವುದಿಲ್ಲ. 'ಮುಂದಿನ ತಿಂಗಳು ನೋಡೋಣ' ಎನ್ನುತ್ತೇವೆ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಕರಗಿ ಕಟ್ಟಿಕೊಳ್ಳುತ್ತದೆ. ಬಿಸಿ ಹಿಂದಿರುಗಿ ಸೀಲುಗಳನ್ನು ಬಲಿ ತೆಗೆದುಕೊಳ್ಳುತ್ತದೆ. ಕಾಯಿಲ್ ಸೆಟ್ಟಿಗೆ ಕೆಲವು ನೂರು ಡಾಲರ್. ಕನ್ವರ್ಟರ್ ಸಾವಿರ ದಾಟೀತು. ಎಂಜಿನ್ ಇಳಿಸಿ, ಕಟ್ಟಿಸಿ, ಮತ್ತೆ ಏರಿಸಲು ಹಲವು ಸಾವಿರ. ಕರ್ಮಫಲಕ್ಕೆ ರಸೀದಿ ಕೊಡುವ ಶಾಸ್ತ್ರ ಇದೊಂದೇ.

ಕಂಪನಿ ಕೈಚೆಲ್ಲಿ ಕೂತಿರಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಅಮೆರಿಕದಲ್ಲಿ 2004ರಿಂದ 2008ರ ಮಾದರಿಗಳ ಎಂಜಿನ್ ವಾರಂಟಿಯನ್ನು 8 ವರ್ಷ ಅಥವಾ ಒಂದು ಲಕ್ಷ ಮೈಲಿಗೆ ವಿಸ್ತರಿಸಿತು. ಆ ಗಡುವು ತೀರಿ ಬಹುಕಾಲವಾಯಿತು. ಇಂದಿನ ಭಕ್ತರಿಗೆ ಸ್ವಂತ ಜೇಬೇ ಗತಿ.

ಕಡೆಯದಾಗಿ ಖರೀದಿವಿಧಿ. ಅಗ್ಗವಾಗಿ ಸಿಕ್ಕಿತೆಂದು ಮುಂಗಡ ಕೊಡುವ ಮುನ್ನ ಕಾರನ್ನು ಚೆನ್ನಾಗಿ ಬಿಸಿಮಾಡಿ, ಆಫ್ ಮಾಡಿ, ಕೂಡಲೇ ಸೆಲ್ಫ್ ಹೊಡೆಯತಕ್ಕದ್ದು. ತಣ್ಣಗಿದ್ದಾಗ ಜಗ್ಗನೆ ಹತ್ತಿಕೊಂಡು ಬಿಸಿಯಾದ ಮೇಲೆ ಮೊಂಡು ಹಿಡಿದರೆ ಕಂಪ್ರೆಷನ್ ಹೋಗಿದೆಯೆಂದರ್ಥ. ಅಳೆಯಲು ಮಾಮೂಲಿ ಗೇಜ್ ನಡೆಯದು. ರೋಟರಿನ ಮೂರು ಮುಖಕ್ಕೆ ಮೂರು ಅಂಕಿ ಬರಬೇಕು, ಮಾಮೂಲಿ ಗೇಜ್ ದೊಡ್ಡದೊಂದನ್ನೇ ತೋರಿಸಿ ಮಿಕ್ಕೆರಡರ ಗುಟ್ಟು ಕಾಯುತ್ತದೆ. ರೋಟರ್ ಎಂಜಿನ್ನಿನದೇ ಮಾಪಕ ತರಿಸಿ ಆರು ಅಂಕಿಗಳನ್ನೂ ಬರೆದುಕೊಳ್ಳಬೇಕು.

ಎಡಿಸನ್ನಿನ ಯಜಮಾನರು ಇಷ್ಟೆಲ್ಲ ಮಾಡಿಸಿಯಾದ ಮೇಲೆ, ಎಂಜಿನ್ ಕಟ್ಟಿಸುವ ಅಂದಾಜುಪಟ್ಟಿಯನ್ನು ಊಟದ ಮೇಜಿನ ಮೇಲಿಟ್ಟರು. ಯಜಮಾನಿ ಕನ್ನಡಕ ಹಾಕಿಕೊಂಡು ಕೊನೆಯ ಸಾಲು ನೋಡಿದರು.

'ಇಷ್ಟು ದುಡ್ಡಿಗೆ ಇಂಥದ್ದೇ ಇನ್ನೊಂದು ಕಾರು ಬರುತ್ತಲ್ರೀ?'

'ಬರುತ್ತೆ. ಅದರದ್ದೂ ಎಂಜಿನ್ ಹೋಗಿರುತ್ತೆ.'