ಬಹುದು–ತಕ್ಕದ್ದು ಮೀಮಾಂಸೆ

ಪರಿಶೀಲನೆಗೆ ಸಿಕ್ಕ ಹಸ್ತಪ್ರತಿ ಸುದ್ದಿ ಚಾನೆಲ್ಲೊಂದರ ನೇಮಕಾತಿ ಒಪ್ಪಂದ. ಹದಿನಾಲ್ಕು ಪುಟ, ಎಳ್ಳುಕಾಳಿನಷ್ಟು ಅಕ್ಷರ, ಮೂರನೇ ಪುಟದ ಮೇಲೆ ಕಾಫಿ ಲೋಟದ ದುಂಡು ಮುದ್ರೆ. ಭಾಷೆ ಇಂಗ್ಲಿಷ್. ಇಪ್ಪತ್ನಾಲ್ಕು ಗಂಟೆ ಕನ್ನಡದಲ್ಲಿ ಕೂಗುವ ಸಂಸ್ಥೆ ಸಂಬಳದ ಮಾತು ಬಂದೊಡನೆ ಭಾಷೆ ಬದಲಿಸುವುದೇಕೆ ಎಂಬುದು ಬೇರೆಯೇ ಪಿಎಚ್‌.ಡಿ. ವಸ್ತು. ಮಂಗಳಾಚರಣೆ ಮಾತ್ರ ಕನ್ನಡದ್ದು, ಎಚ್‌ಆರ್‌ನವರ ಬಾಯಿಂದ ಬಾಯಿಗೆ ಬಂದದ್ದು: “ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಸರ್, ಎಲ್ರೂ ಸೈನ್ ಹಾಕಿರೋದೇ.”

ಕನ್ನಡಿಸಿ ನೋಡಿದರೆ ಕೃತಿಯ ಜೀವವೆಲ್ಲ ಎರಡು ಪದಗಳಲ್ಲಿದೆ. ನೌಕರನು ಮೂರು ತಿಂಗಳ ನೋಟಿಸ್ ಕೊಡತಕ್ಕದ್ದು. ಸಂಸ್ಥೆ ಯಾವಾಗ ಬೇಕಾದರೂ ಬಿಡಿಸಬಹುದು. ಸಂಸ್ಥೆಯ ಪಾಲಿಗೆ ‘ತಕ್ಕದ್ದು’ ಬಂದಿರುವುದು ಒಂದೇ ಕಡೆ: ಸಂಸ್ಥೆಯ ತೀರ್ಮಾನವೇ ಅಂತಿಮವಾಗತಕ್ಕದ್ದು. ‘ವಹಿಸಿದ ಇತರ ಕೆಲಸಗಳು’ ಎಂಬಲ್ಲಿ ಭಾಷ್ಯಕಾರರಿಗೆ ಭಿನ್ನಮತವಿಲ್ಲ: ರಿಪೋರ್ಟರು ಸುದ್ದಿ ತಂದು, ತಾನೇ ಶೂಟ್ ಮಾಡಿ, ಯೂಟ್ಯೂಬಿಗೆ ಥಂಬ್‌ನೇಲ್ ಹೊಂದಿಸಿ, ದೀಪಾವಳಿಗೆ ಜಾಹೀರಾತನ್ನೂ ತರುವುದು.

“ಕೆಲಸ ಬಿಟ್ಟು ಒಂದು ವರ್ಷ ಬೇರೆ ಚಾನೆಲ್ ಸೇರಬಾರದು” ಎಂಬ ಸೂತ್ರ ನೋಡಲು ಭಯಂಕರ. ಆದರೆ ಹೊಟ್ಟೆಪಾಡು ತಡೆಯುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ ಎಂದು 1872ರ ಕರಾರು ಕಾಯ್ದೆಯ 27ನೇ ಕಲಂ ಹೇಳಿದೆ. ಟೀವಿ ಹುಟ್ಟುವ ಮೊದಲೇ ಆಂಕರುಗಳಿಗೆ ಮೋಕ್ಷ! ಅವಸರ ಬೇಡ. ಒಪ್ಪಂದದ ಅವಧಿಯೊಳಗಿನ ತಡೆಯನ್ನು ಸುಪ್ರೀಂ ಕೋರ್ಟ್ 1967ರಲ್ಲೇ ಎತ್ತಿಹಿಡಿದಿದೆ. ಅವಧಿಗೆ ಮುನ್ನ ಬಿಟ್ಟರೆ ದುಡ್ಡು ಕಟ್ಟಬೇಕೆಂಬ ಬಾಂಡ್ ಕಂಡೂ ನಗುವಂತಿಲ್ಲ. ವಿಜಯ ಬ್ಯಾಂಕಿನ ಮೂರು ವರ್ಷ, ಎರಡು ಲಕ್ಷದ ಬಾಂಡನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಸಾರ್ವಜನಿಕ ಬ್ಯಾಂಕು ಮತ್ತೊಮ್ಮೆ ನೇಮಕಾತಿ ನಡೆಸಬೇಕಾದ ಖರ್ಚು ಅಲ್ಲಿ ಲೆಕ್ಕಕ್ಕೆ ಬಂತು. ನಮ್ಮ ಚಾನೆಲ್ಲಿನ ತರಬೇತಿ ಖರ್ಚೆಂದರೆ ಒಂದು ಲೋಗೋ ಮೈಕು, “ಹೋಗಿ ಲೈವ್ ಕೊಡಿ” ಎಂಬ ಉಪದೇಶ. ಅದೇ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬಾಂಡಿನಲ್ಲಿ ಬರೆದ ಮೊತ್ತ ಮಿತಿಯಷ್ಟೇ. ಕೋರ್ಟು ಕೊಡಿಸುವುದು ಅದರೊಳಗಿನ ನ್ಯಾಯವಾದ ಪರಿಹಾರ.

ಇನ್ನು ಕಾರ್ಯನಿರತ ಪತ್ರಕರ್ತರ ಕಾಯ್ದೆ. ಅದು 1955ರದ್ದು, ಪತ್ರಿಕೆಯವರಿಗೆ. ದೇಶಕ್ಕೆ ಟೀವಿ ಬಂದದ್ದು 1959ರಲ್ಲಿ. ತಡವಾಗಿ ಹುಟ್ಟಿದ ಮಗುವಿಗೆ ಆಸ್ತಿಯಲ್ಲಿ ಪಾಲಿಲ್ಲ ಎಂಬಂತೆ ಟೀವಿಯವರು ಹೊರಗೇ ಉಳಿದರು. ವಿದ್ಯುನ್ಮಾನ ಮಾಧ್ಯಮವೂ ವ್ಯಾಖ್ಯೆಯೊಳಗೆ ಬಂದದ್ದು 2020ರ ಕಾರ್ಮಿಕ ಸಂಹಿತೆಯಲ್ಲಿ.

ಕಡೆಗೊಂದು ಗ್ರಂಥಪಾತ. “ಅನುಬಂಧ ಬಿ ನೋಡಿ” ಎಂದು ಕೃತಿಯಲ್ಲಿ ನಾಲ್ಕು ಸಲ ಬರುತ್ತದೆ. ಸಂಬಳದ ವಿವರ, ಬಾಂಡಿನ ಮೊತ್ತ ಎಲ್ಲವೂ ಅದರಲ್ಲೇ ಇರಬೇಕೆಂದು ವಿದ್ವಾಂಸರ ಊಹೆ. ಹಸ್ತಪ್ರತಿಯಲ್ಲಿ ಆ ಅನುಬಂಧವಿಲ್ಲ. ಎಚ್‌ಆರ್‌ನವರನ್ನು ಕೇಳಲಾಗಿ, ಪೆನ್ನಿನ ಮುಚ್ಚಳ ತೆಗೆದುಕೊಡುತ್ತ ನುಡಿದರು: “ಅದು ಸೈನ್ ಆದ್ಮೇಲೆ ಮೇಲ್ ಮಾಡ್ತೀವಿ ಸರ್.”