ಅಜ್ಜಿ ಕಣ್ಣು ಮಿಟುಕಿಸಿದ್ದು

ಮಂಗಳೂರಿನ ಕದ್ರಿ ಕಂಬಳದ ನಮ್ಮ ಹಳೆ ಮನೆಯ ಹಂಚಿಗೂ ಒಂದು ಇಸವಿ ಉಂಟು. ಮಗುಚಿ ಹಾಕಿದರೆ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865’ ಎಂಬ ಅಚ್ಚು ಎದ್ದು ಕಾಣುತ್ತದೆ. ಅದು ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷವೇ ಹೊರತು ಹಂಚು ಹುಟ್ಟಿದ ವರ್ಷವಲ್ಲ. ಅಂತೂ ಪ್ರಾಯ ಹೆಚ್ಚಿಸಿಕೊಂಡು ಮೆರೆಯುವ ಹಂಚಿನ ಅಡಿಯಲ್ಲಿ, ಪ್ರಾಯ ಕಡಿಮೆಯಾಗಿಹೋದ ಅಜ್ಜಿಯೊಬ್ಬರು ಬಹಳ ಕಾಲ ಬದುಕಿದ್ದರು.

ಕಡಿಮೆ ಮಾಡಿದ್ದು ಆಧಾರ್ ಕ್ಯಾಂಪಿನ ಹುಡುಗ. ಹುಟ್ಟಿದ ತಾರೀಕು ಕೇಳಿದ. ಅಜ್ಜಿ, “ಮಾರಿ ಬೊಳ್ಳದ ಆಟಿ” ಎಂದರು. ಅಂದರೆ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರು ಮುಳುಗಿದ 1923ರ ನೆರೆಯ ಆಟಿ ತಿಂಗಳು. ತುಳುನಾಡಿನಲ್ಲಿ ಇದಕ್ಕಿಂತ ಖಚಿತವಾದ ತಾರೀಕು ಬೇರೆ ಬೇಕೇ? ಆದರೆ ಕಂಪ್ಯೂಟರಿನಲ್ಲಿ ಬೊಳ್ಳಕ್ಕೆ ಕಾಲಂ ಇರಲಿಲ್ಲ. ಹುಡುಗ ಅಜ್ಜಿಯ ಮುಖವನ್ನೊಮ್ಮೆ ನೋಡಿ 01-01-1930 ಎಂದು ಕುಟ್ಟಿಬಿಟ್ಟ. ಏಳು ವರ್ಷ ಅಲ್ಲಿಗೆ ಸಮುದ್ರ ಸೇರಿತು.

ಇದರಿಂದ ಅಜ್ಜಿಗೆ ಎಂತದ್ದೂ ಆಗಲಿಲ್ಲ, ಆದದ್ದು ಮಾವನಿಗೆ. ಅಜ್ಜ ಅಂಚೆ ಇಲಾಖೆಯಲ್ಲಿದ್ದವರು. ಕುಟುಂಬ ಪಿಂಚಣಿ ಅಜ್ಜಿಗೆ ಬರುತ್ತಿತ್ತು. ಕೇಂದ್ರ ಸರ್ಕಾರದ ಲೆಕ್ಕದಲ್ಲಿ 80 ತುಂಬಿದವರಿಗೆ ಪಿಂಚಣಿಯ ಮೇಲೆ ಶೇ. 20 ಹೆಚ್ಚು, 85ಕ್ಕೆ 30, 90ಕ್ಕೆ 40, 95ಕ್ಕೆ 50. ನೂರು ತುಂಬಿತೋ, ಶೇ. 100. ಡಬಲ್! ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ರಿಟೈರ್ ಆದ ಮಾವ ಈ ಪಟ್ಟಿಯನ್ನು ಕ್ಯಾಲೆಂಡರಿನ ಹಿಂಬದಿ ಬರೆದಿಟ್ಟುಕೊಂಡು, “ಅಮ್ಮ 95 ದಾಟಿ ಆಯ್ತು. ಸರ್ಕಾರ ಇನ್ನೂ 88ರಲ್ಲಿ ಕೂತಿದೆ” ಎಂದು ಕೊರಗುತ್ತಿದ್ದರು.

ಹುಟ್ಟಿದ ತಾರೀಕು ಸರಿಯಾಗಿ ಗೊತ್ತಿದ್ದವರೆಲ್ಲ ಎಂತ ಸಾಧಿಸಿದರು, ಹೇಳಿ. ಅಜ್ಜಿಗಿಂತ ಎಂಟು ವರ್ಷ ಕಿರಿಯ, 1931ರ ನಮ್ಮ ವಿಜಯಾ ಬ್ಯಾಂಕ್ 2019ರಲ್ಲಿ ಇನ್ನೊಂದು ಬ್ಯಾಂಕಿನಲ್ಲಿ ಕರಗಿತು. ಮರುವರ್ಷ 1925ರ ಸಿಂಡಿಕೇಟೂ 1906ರ ಕಾರ್ಪೊರೇಷನ್ನೂ ಅದೇ ದಾರಿ ಹಿಡಿದವು. ಅಜ್ಜಿ ಮಾತ್ರ ಮದ್ರಾಸ್ ಪ್ರಾಂತ್ಯದಲ್ಲಿ ಹುಟ್ಟಿ, 1956ರಲ್ಲಿ ಕೂತಲ್ಲೇ ಮೈಸೂರಿನವರಾಗಿ, 1973ರಲ್ಲಿ ಕರ್ನಾಟಕದವರಾಗಿ, ಚಾವಡಿಯಲ್ಲಿ ಗಟ್ಟಿಮುಟ್ಟಾಗಿ ಎಲೆ ಅಡಿಕೆ ಜಗಿಯುತ್ತಿದ್ದರು. ಹೀಗಿದ್ದೂ ವರ್ಷ ವರ್ಷ ತಾನು ಬದುಕಿದ್ದೇನೆಂದು ದಾಖಲೆ ಕೊಡಬೇಕಾದವರು ಅಜ್ಜಿ, ಕೇಳುವುದು ಬ್ಯಾಂಕು!

ಬೆರಳಚ್ಚು ಒತ್ತಿದರೆ ಮಿಷನ್ನು ಕೆಂಪು ದೀಪ ತೋರಿಸುತ್ತಿತ್ತು. ಒಂದಿಡೀ ಜನ್ಮ ಕಡೆಯುವ ಕಲ್ಲು ತಿರುಗಿಸಿ, ಹುಳಿ ಹಿಂಡಿ, ಕಾವಲಿಯಿಂದ ನೀರುದೋಸೆಯನ್ನು ಬರಿಗೈಯಲ್ಲಿ ಎತ್ತಿ ಎತ್ತಿ ರೇಖೆಗಳೆಲ್ಲ ಸವೆದುಹೋಗಿದ್ದವು. 2021ರ ಕೊನೆಗೆ, ಮೊಬೈಲಿಗೆ ಮುಖ ತೋರಿಸಿದರೆ ಸಾಕು ಎಂಬ ವ್ಯವಸ್ಥೆ ಬಂತು. ಮರುವರ್ಷದ ನವೆಂಬರಿನಲ್ಲಿ ನಾನು ಮುಂದೆ ಬಿದ್ದೆ. “ಎರಡು ನಿಮಿಷದ ಕೆಲಸ ಮಾವ, ನೀವು ಸುಮ್ಮನಿರಿ.”

ಬೆಳಕಿಗಾಗಿ ಅಂಗಳದಲ್ಲಿ ಕುರ್ಚಿ ಹಾಕಿ ಅಜ್ಜಿಯನ್ನು ಕೂರಿಸಿ, ಕನ್ನಡಕ ತೆಗೆಸಿದೆ. ಪರದೆಯ ಮೇಲೊಂದು ವೃತ್ತ, ವೃತ್ತದೊಳಗೆ ಅಜ್ಜಿ. ಕಣ್ಣು ಮಿಟುಕಿಸಿ ಎಂದಿತು ಮೊಬೈಲು. ಅಜ್ಜಿ ಮಿಟುಕಿಸಲಿಲ್ಲ. ಮದುವೆಯಾದ ಹೊಸತಿನಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ ಪಟದಲ್ಲಿ ಕಣ್ಣು ಮುಚ್ಚಿಹೋಗಿ ಅಜ್ಜ ಬೈದಿದ್ದರಂತೆ. ಅಂದಿನಿಂದ ಕ್ಯಾಮೆರಾ ಕಂಡರೆ ಅಜ್ಜಿ ಕಣ್ಣು ಮುಚ್ಚಿದವರಲ್ಲ.

“ಅಜ್ಜಿ, ನೀವು ಇದ್ದೀರಾ ಇಲ್ಲವಾ ಅಂತ ಸರ್ಕಾರಕ್ಕೆ ಗೊತ್ತಾಗ್ಬೇಕು.”

“ಯಾನ್ ಉಲ್ಲೆ” ಎಂದರು ಅಜ್ಜಿ ಮೊಬೈಲಿಗೆ, ಸ್ವಲ್ಪ ಗಟ್ಟಿಯಾಗಿಯೇ. ಇದ್ದೇನೆ ಎಂದು ಇದ್ದವರೇ ಘೋಷಿಸಿದರೂ ಸಾಲದು, ಮಿಟುಕಿಸಬೇಕು.

ಮೊಬೈಲಿನ ಹಿಂದೆ ನಿಂತು ನಾನೇ ಮಿಟುಕಿಸಿ ತೋರಿಸತೊಡಗಿದೆ. ಎರಡೂ ಕಣ್ಣು, ನಿಧಾನ, ಮತ್ತೊಮ್ಮೆ. ಅಜ್ಜಿ ಗಾಬರಿಯಾದರು. “ಕಣ್ಣಿಗೆ ಎಂತ ಬಿತ್ತು ಮಗಾ? ಬಾ, ಊದ್ತೇನೆ.” ಎದ್ದೇ ಬಂದರು, ವೃತ್ತ ಖಾಲಿ. ನನ್ನ ರೆಪ್ಪೆ ಬಿಡಿಸಿ ಅವರು ಉಫ್ ಎಂದು ಊದುವಾಗ ಎಲೆ ಅಡಿಕೆಯ ರಸದ ನಾಲ್ಕು ಹನಿ ನಿಜವಾಗಿಯೂ ಕಣ್ಣಿಗೆ ಬಿತ್ತು. ಪುನಃ ಕೂರಿಸಿದೆ. ಈಗ ನನ್ನ ಕಣ್ಣು ಕೇಳದೆಯೇ ಪಟಪಟ ಹೊಡೆದುಕೊಳ್ಳುತ್ತಿತ್ತು, ಅದೂ ಒಂದೇ. ಅದೇ ಹೊತ್ತಿಗೆ ಎದುರು ಮನೆಯ ಟೀಚರು ಗೇಟಿನ ಬಳಿ ಬಂದರು. ತಲೆಯಲ್ಲಿ ಅರ್ಧ ನರೆ ಬಂದ ಗಂಡಸು ಹಾಡುಹಗಲೇ ತನ್ನತ್ತ ಒಂಟಿ ಕಣ್ಣು ಹೊಡೆಯುವುದನ್ನು ಕಂಡು, ಕಸದ ಬಕೆಟ್ ಸಮೇತ ಒಳಗೆ ಹೋದರು. ಆಮೇಲೆ ನಾಲ್ಕು ದಿನ ಅವರ ಕಸ ಹಾಕಲು ಗಂಡ ಬಂದದ್ದು.

ಮಾವ ಅಜ್ಜಿಯ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದರು. ಅದು ಕೇಳದ ಕಿವಿ. ಅಷ್ಟರಲ್ಲಿ ತೆಂಗಿನ ಮರದಿಂದ ಒಣ ಮಡಲೊಂದು ದಡಾರನೆ ಬಿತ್ತು. ನಾನು, ಮಾವ, ಬೆಕ್ಕು, ಎಲ್ಲರೂ ಕಣ್ಣು ಮಿಟುಕಿಸಿದೆವು. ಅಜ್ಜಿ ರೆಪ್ಪೆ ಅಲುಗಿಸದೆ, “ಎಳೆದು ಬದಿಗೆ ಹಾಕು, ಬಚ್ಚಲೊಲೆಗೆ ಆಗ್ತದೆ” ಎಂದರು.

ಬಿಸಿಲು ಏರಿತು, ಅಜ್ಜಿಗೆ ತೂಕಡಿಕೆ ಬಂತು. ಕಣ್ಣು ಮುಚ್ಚಿತು. ಗಕ್ಕನೆ ತೆರೆಯಿತು. ಮೊಬೈಲು ಟಿಂಗ್ ಎಂದಿತು. ನಿದ್ದೆ ಹೋದದ್ದೇ ಭಾರತ ಸರ್ಕಾರದ ದಾಖಲೆಯಲ್ಲಿ ಅಜ್ಜಿ ಎಚ್ಚರವಾಗಿ ಬದುಕಿರುವುದಕ್ಕೆ ಸಾಕ್ಷಿಯಾಯಿತು.

ತನ್ನ ಹುಟ್ಟಿನ ವಿಷಯದಲ್ಲಿ ಇಷ್ಟು ಧಾರಾಳಿಯಾಗಿದ್ದ ಅಜ್ಜಿಗೆ ಬಾಕಿಯವರದ್ದೆಲ್ಲ ಬಾಯಿಪಾಠ. ನಾನು ಹುಟ್ಟಿದ ದಿನ ಬೂತಾಯಿ ಪುಳಿಮುಂಚಿ ಒಲೆಯ ಮೇಲಿತ್ತು ಎನ್ನುವವರೆಗೆ. ಮಾವನಿಗಿಂತ ಮೊದಲು ಒಂದು ಹೆಣ್ಣುಮಗು ಇತ್ತು; ಹನ್ನೊಂದನೇ ತಿಂಗಳಿಗೆ ಜ್ವರದಲ್ಲಿ ಹೋಯಿತು. ಅದು ಹುಟ್ಟಿದ ವಾರ, ನಕ್ಷತ್ರ, ಹೋದ ಹೊತ್ತು, ಆ ಹೊತ್ತಿನ ಮಳೆ, ಎಲ್ಲವನ್ನೂ ಹೇಳುತ್ತಿದ್ದರು. ಹೆಸರು ಹೇಳುತ್ತಿರಲಿಲ್ಲ. ಯಾವ ಕಾಗದದಲ್ಲೂ ಅದಿಲ್ಲ. ಈಗ ಯಾರಿಗೂ ಗೊತ್ತಿಲ್ಲ.

2023ರ ಆಟಿಯಲ್ಲೇ ಅಜ್ಜಿ ಹೋದರು. ಮರಣಪತ್ರದಲ್ಲಿ 93. ದುಬೈಯಿಂದ ವಿಡಿಯೋ ಕಾಲಿನಲ್ಲಿ ಮಾತ್ರ ಅಜ್ಜಿಯನ್ನು ಪ್ರೀತಿಸುತ್ತಿದ್ದ ಮೊಮ್ಮಗನೊಬ್ಬ ಯಾರನ್ನೂ ಕೇಳದೆ ಸ್ಟೇಟಸ್ಸಿನಲ್ಲಿ 105 ಎಂದು ಹಾಕಿದ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಕಾಗದಕ್ಕೆ ಎಷ್ಟು ಹಾಕುವುದೆಂದು ಚಾವಡಿಯಲ್ಲಿ ಸಭೆ ಕೂತಿತು. ಬೊಳ್ಳ ಆಟಿಯ ಯಾವ ದಿನ, ಅಜ್ಜಿ ಹುಟ್ಟಿದ್ದು ಅದಕ್ಕೆ ಮೊದಲೋ ನಂತರವೋ, 99 ನಡೆಯುತ್ತಿತ್ತೋ 100 ತುಂಬಿತ್ತೋ. ಕಡೆಗೆ ಮಾವ ನೂರು ಎಂದು ತೀರ್ಪು ಕೊಟ್ಟು ಪ್ರೆಸ್ಸಿಗೆ ಕಳಿಸಿದರು.

ಆಗ ಮೀನು ಮಾರುವ ಬೋಳೂರಿನ ಬಾಯಿಯಕ್ಕ ಬಂದರು. ಸೂತಕದ ಮನೆಯಲ್ಲಿ ಮೀನು ತೆಗೆಯುವುದಿಲ್ಲವೆಂದು ಗೊತ್ತಿದ್ದೂ ಬುಟ್ಟಿ ಇಳಿಸಿ, ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡರು. “ನನ್ನ ಅಮ್ಮ ಬೊಳ್ಳಕ್ಕೆ ಮೊದಲಿನವಳು. ಅವಳೂ ಇವರನ್ನು ಅಕ್ಕ ಅಂತಲೇ ಕರೆಯುತ್ತಿದ್ದದ್ದು” ಎಂದರು.

ಮೀನು ಮಾರುವವರು ಗಿರಾಕಿಗಳನ್ನೆಲ್ಲ ಅಕ್ಕ ಎಂದೇ ಕರೆಯುವುದು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಫೋನ್ ಹಚ್ಚಿ ಆಗಿತ್ತು. “ಪ್ರಿಂಟು ಸ್ವಲ್ಪ ನಿಲ್ಲಿಸಿ ಮಾರಾಯ್ರೇ. 101 ಆಗುವ ಚಾನ್ಸ್ ಉಂಟು.”