ಅಪ್ಪ ನಡುಗಿದ ಲೆಕ್ಕ ಮಗನಿಗಿಲ್ಲ

ಇಂಗ್ಲೆಂಡಿನ ರೈತ ಆಗಸ್ಟ್ ಮುಗಿಯುವ ಹೊತ್ತಿಗೆ ರೇಪ್‌ಸೀಡ್ ಬಿತ್ತುತ್ತಾನೆ. ಇದು ಸಾಸಿವೆಯ ದಾಯಾದಿ. ಹೃದಯಕ್ಕೆ ಒಳ್ಳೆಯದೆಂದು ನಾವು ದುಬಾರಿ ಕಾಸು ಕೊಟ್ಟು ತರುವ ಕ್ಯಾನೋಲಾ ಎಣ್ಣೆಯೂ ಇದೇ ಕುಲದ್ದು. ಗಿಡ ಮೊಳೆತು, ಒಂದಿಷ್ಟು ಎಲೆ ಬಿಟ್ಟು, ನೆಲಕ್ಕಂಟಿ ಕೂತುಬಿಡುತ್ತದೆ. ಗೊಬ್ಬರ ಹಾಕಿ, ಕೈಮುಗಿಯಿರಿ, ಮಂತ್ರಿಗಳ ಕೈಯಲ್ಲಿ ಫೋನ್ ಮಾಡಿಸಿ, ಹೂ ಮಾತ್ರ ಬಿಡುವುದಿಲ್ಲ. ವಾರಗಟ್ಟಲೆ ಚಳಿ ತಿಂದ ಮೇಲೆಯೇ, ಏಪ್ರಿಲ್ ಹೊತ್ತಿಗೆ, ಹೊಲ ಹಳದಿಯಾಗುವುದು.

ಅಡ್ಡ ಕೂತಿರುವುದು ಎಫ್‌ಎಲ್‌ಸಿ ಎಂಬ ಜೀನ್. ಸಾಸಿವೆ ಕುಟುಂಬದ್ದೇ ಆದ ಅರಬಿಡಾಪ್ಸಿಸ್ ಎಂಬ ಕಳೆಗಿಡದಲ್ಲಿ 1999ರಲ್ಲಿ ಇದನ್ನು ಹಿಡಿದರು. ಹೂ ಬಿಡು ಎಂದು ಹೇಳುವ ಎಫ್‌ಟಿ ಎಂಬ ಇನ್ನೊಂದು ಜೀನ್‌ನ ಬಾಯಿ ಮುಚ್ಚಿಸುವುದೇ ಇದರ ಉದ್ಯೋಗ. ಅರಬಿಡಾಪ್ಸಿಸ್‌ಗೆ ಇಂಥ ಅಡ್ಡಗಾಲು ಒಂದಾದರೆ ರೇಪ್‌ಸೀಡ್‌ಗೆ ಒಂಬತ್ತು. ಎಲೆಕೋಸಿನ ಜಾತಿಯೂ ಟರ್ನಿಪ್ಪಿನ ಜಾತಿಯೂ ಬೆರೆತು ಹುಟ್ಟಿದ ಬೆಳೆಯಲ್ಲವೇ, ಎರಡೂ ಕಡೆಯ ಹಿರಿಯರು ಬಂದು ಠಿಕಾಣಿ ಹೂಡಿದ್ದಾರೆ.

ಚಳಿ ಈ ಅಡ್ಡಗಾಲು ಜೀನನ್ನು ಮುಚ್ಚುವ ಕ್ರಮ ನೋಡಬೇಕು. ನಾರ್ವಿಚ್‌ನ ಜಾನ್ ಇನ್ನೆಸ್ ಸೆಂಟರ್‌ನಲ್ಲಿ ಕ್ಯಾರೊಲಿನ್ ಡೀನ್ ಮತ್ತು ಮಾರ್ಟಿನ್ ಹೊವಾರ್ಡ್ ಅವರ ತಂಡಗಳು ಅರಬಿಡಾಪ್ಸಿಸ್‌ನಲ್ಲಿ ಇದನ್ನು ಬಿಡಿಸಿ ತೋರಿಸಿವೆ. ಯಾವುದೇ ಒಂದು ಜೀವಕೋಶದಲ್ಲಿ ಎಫ್‌ಎಲ್‌ಸಿ ತೆರೆದಿರುತ್ತದೆ, ಇಲ್ಲವೇ ಮುಚ್ಚಿರುತ್ತದೆ. ಅರೆಬರೆ ಬೆಂಬಲ, ಹೊರಗಿನಿಂದ ಬೆಂಬಲ ಅನ್ನುವುದಿಲ್ಲ. ಚಳಿ ವಾರದಿಂದ ವಾರಕ್ಕೆ ಮುಂದುವರಿದಂತೆ ಮುಚ್ಚಿಕೊಂಡ ಕೋಶಗಳ ಸಂಖ್ಯೆ ಏರುತ್ತ ಹೋಗುತ್ತದೆ. ಮುಚ್ಚಿದ ಕೋಶ ಬಿಸಿಲು ಬಂತೆಂದು ಮತ್ತೆ ಬಾಯಿ ತೆರೆಯುವುದಿಲ್ಲ. ಅದು ಒಡೆದು ಹುಟ್ಟಿದ ಕೋಶಗಳದ್ದೂ ಅದೇ ನಿಲುವು. ಯಾರನ್ನೂ ಬಸ್ಸಿಗೆ ತುಂಬಿ ರೆಸಾರ್ಟಿಗೆ ಸಾಗಿಸುವ ಅಗತ್ಯ ಬೀಳುವುದಿಲ್ಲ.

ಇಷ್ಟು ನಿಷ್ಠೆಯಿಂದ ಕಾಪಾಡಿಕೊಂಡ ಚಳಿಯ ನೆನಪನ್ನು, ಬೀಜ ಕಟ್ಟುವಾಗ ಭ್ರೂಣದಲ್ಲಿ ಸಾಸಿವೆ ಕುಟುಂಬ ಒರೆಸಿ ಹಾಕುತ್ತದೆ. ಎಫ್‌ಎಲ್‌ಸಿ ಮತ್ತೆ ಎದ್ದು ಕೂರುತ್ತದೆ. ಅಮ್ಮ ಎಷ್ಟು ಹಿಮ ಹೊತ್ತಳು, ಅಪ್ಪ ಎಷ್ಟು ನಡುಗಿದ ಎಂಬ ಯಾವ ದಾಖಲೆಯೂ ಮರಿಯ ಕೈಗೆ ಸಿಗುವುದಿಲ್ಲ. ಅದರ ಚಳಿ ಅದೇ ತಿನ್ನಬೇಕು. ಅನುಕಂಪದ ಟಿಕೆಟ್ ಕೊಡುವ ಪದ್ಧತಿ ಈ ಕುಟುಂಬದಲ್ಲಿ ಇಲ್ಲ.

ಹಾಗಾದರೆ ಕೆನಡಾದಲ್ಲಿ ಮೇ ತಿಂಗಳಲ್ಲಿ ಬಿತ್ತಿದ ಕ್ಯಾನೋಲಾ ಅದೇ ಬೇಸಿಗೆಯಲ್ಲಿ ಹೂ ಬಿಡುತ್ತದಲ್ಲ ಎನ್ನಬಹುದು. ಬಿಡುತ್ತದೆ. ಆ ತಳಿಗಳಲ್ಲಿ ಜೀನೇ ಬೇರೆಯಾಗಿದೆ. ಎ10 ಎಂಬ ಕ್ರೋಮೊಸೋಮಿನ ಮೇಲಿರುವ ಎಫ್‌ಎಲ್‌ಸಿ ಪ್ರತಿಯ ಬಲಾಬಲ ಚಳಿಗಾಲದ ತಳಿ, ವಸಂತದ ತಳಿ ಎಂಬ ಭೇದಕ್ಕೆ ದೊಡ್ಡ ಕಾರಣ. ಜೀನ್ ಮಕ್ಕಳಿಗೆ ದಾಟುತ್ತದೆ. ಅಪ್ಪ ಪಟ್ಟ ಪಾಡು ದಾಟುವುದಿಲ್ಲ.

ದಾಟುತ್ತದೆ ಎಂದು ಹೇಳಿದವರು ಸೋವಿಯತ್ ದೇಶದ ತ್ರೋಫಿಮ್ ಲೈಸೆಂಕೊ ಸಾಹೇಬರು. ನೆನೆಸಿದ ಗೋಧಿ ಬೀಜಕ್ಕೆ ಚಳಿ ಕೊಟ್ಟು ವಸಂತದಲ್ಲಿ ಬಿತ್ತುವ ಉಪಾಯವನ್ನು ಇವರು 1929ರಲ್ಲಿ ಭಾರೀ ಆವಿಷ್ಕಾರವೆಂದು ಸಾರಿದರು. ಜರ್ಮನಿಯ ಗಸ್ನರ್ 1918ರಲ್ಲೇ ಚಳಿಯ ಈ ಪ್ರಭಾವದ ಬಗ್ಗೆ ಬರೆದಿದ್ದರೆಂಬುದು ಸಣ್ಣ ವಿಷಯ ಬಿಡಿ. ಚಳಿಗಾಲದ ಗೋಧಿಯನ್ನು ಶಾಶ್ವತವಾಗಿ ವಸಂತದ ಗೋಧಿಯನ್ನಾಗಿ ಮಾಡಬಹುದು, ಕಲಿತದ್ದು ಮಕ್ಕಳಿಗೂ ಬರುತ್ತದೆ ಎಂದು ಮುಂದುವರಿದರು. ಅದಕ್ಕೆ ಅವರು ತೋರಿಸಿದ ಹೆಸರಾಂತ ಪ್ರಯೋಗದಲ್ಲಿ ಇದ್ದದ್ದು ಎರಡು ಗಿಡ. ಅದರಲ್ಲೊಂದು ನಡುವೆಯೇ ಸತ್ತಿತು. ಉಳಿದ ಒಂದರ ಮೇಲೆ ಒಂದು ಮಹಾದೇಶದ ಕೃಷಿನೀತಿ ನಿಂತಿತು! ಗೋಧಿಯಲ್ಲಿ ಕೆಲಸ ಮಾಡುವ ಜೀನ್‌ಗಳು ಬೇರೆ, ಆದರೆ ನಿಯಮ ಅದೇ: ಪ್ರತಿ ಪೀಳಿಗೆಗೂ ಹೊಸ ಚಳಿ.

1935ರಲ್ಲಿ ಕ್ರೆಮ್ಲಿನ್ ಸಭೆಯೊಂದರಲ್ಲಿ ಸಾಹೇಬರ ಭಾಷಣ ಕೇಳಿ ಸ್ಟಾಲಿನ್ ಕೂತಲ್ಲಿಂದಲೇ ಶಹಭಾಸ್ ಎಂದರು. 1938ರಲ್ಲಿ ಕೃಷಿ ಅಕಾಡೆಮಿಯ ಅಧ್ಯಕ್ಷಗಿರಿ ಬಂತು. ಲೋಕವೆಲ್ಲ ಸುತ್ತಿ ಬೀಜ ಕೂಡಿಟ್ಟಿದ್ದ ನಿಕೊಲಾಯ್ ವವಿಲೋವ್ ಈ ತರ್ಕ ಒಪ್ಪಲಿಲ್ಲ. ಅವರನ್ನು 1940ರಲ್ಲಿ ಬಂಧಿಸಿದರು, 1943ರಲ್ಲಿ ಸರಟೋವ್ ಜೈಲಿನಲ್ಲಿ ತೀರಿಕೊಂಡರು. ಜೀನ್ ಎಂಬುದೇ ಬೂರ್ಜ್ವಾ ಕಟ್ಟುಕತೆ ಎಂದು 1948ರಲ್ಲಿ ಅಕಾಡೆಮಿಯ ಅಧಿವೇಶನ ತೀರ್ಮಾನಿಸಿತು. ಚಪ್ಪಾಳೆ ಬಿತ್ತು. ಗೋಧಿ ಮಾತ್ರ ಆ ಸಭೆಗೆ ಹೋಗಿರಲಿಲ್ಲ, ನಿರ್ಣಯಕ್ಕೆ ಸಹಿಯನ್ನೂ ಹಾಕಲಿಲ್ಲ.

ಲೈಸೆಂಕೊ ಸಿದ್ಧಾಂತ ಸತ್ತಿತೆಂದು ವಿಜ್ಞಾನದ ಪುಸ್ತಕಗಳು ಬರೆಯುತ್ತವೆ. ಹೊಲದಲ್ಲಿ ಸತ್ತಿರಬಹುದು. ಅಪ್ಪನ ಪಾದಯಾತ್ರೆಯಿಂದ ಮಗನ ಕಾಲು ಗಟ್ಟಿಯಾಗುತ್ತದೆ, ಅಜ್ಜನ ಜೈಲುವಾಸದಿಂದ ಮೊಮ್ಮಗನಿಗೆ ತ್ಯಾಗಬುದ್ಧಿ ಬರುತ್ತದೆ ಎಂದು ನಂಬುವ ಪಕ್ಷದ ಕಚೇರಿ ನಮ್ಮ ಪ್ರತಿ ಜಿಲ್ಲೆಯಲ್ಲೂ ಇದೆ. ತಂದೆಯ ಫೋಟೋ ಹಿಡಿದು ಮತ ಕೇಳಲು ಬಂದವರಿಗೆ ಕಾಫಿ ಕೊಡಿ, ಕೂರಿಸಿ. ಆಮೇಲೆ, ನಿಮ್ಮದೇ ಎಷ್ಟು ವಾರ ಚಳಿಯಾಗಿದೆ ಸ್ವಾಮೀ, ಎಂದು ಕೇಳಿ.